ಮಲವಗೊಪ್ಪದಲ್ಲಿ ನಮ್ಮ ಪ್ರಾರ್ಥನೆಯ ಹೊತ್ತು

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ನನ್ನ ಕೊರಳ ಶಿಲುಬೆಯ ಸರವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ನೀವು ಹಾಡ್ತೀರಾ?"

ನಾನು ಹಿಗ್ಗಿದೆ. ಹುಮನಾಬಾದ್ ಕಡೆಯ ನಮ್ಮ ಹಳ್ಳಿಯಲ್ಲಿ ಬಾಡಿಗೆಗೆ ಬಂದವರನ್ನು ಹಾಗೆ ಕೇಳಿದ್ದು ನಾನು ಕಂಡಿಲ್ಲ. ಇದು ಸಂಗೀತದ ಊರಿರಬೇಕು ಅಂದುಕೊಂಡು, "ಹೂಂ ರೀ, ಸಭೆಯಾಗ ಹಾಡತೀನಿ" ಎಂದೆ. ಆಕೆಯ ಮುಖ ಬಾಗಿಲು ಹಾಕಿಕೊಂಡಂತಾಯಿತು. ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎಂದರು. ಹೊರಗೆ ಬಂದ ಮೇಲೆ ಬ್ರೋಕರ್ ಬಿಡಿಸಿ ಹೇಳಿದ. ಅವರು ಕೇಳಿದ್ದು ನನ್ನ ಕಂಠದ ವಿಷಯವಲ್ಲ. ಮನೆಯಲ್ಲಿ ಜನ ಸೇರಿಸಿ ಪ್ರಾರ್ಥನೆ ಮಾಡುವ ಕ್ರೈಸ್ತರನ್ನು ಆ ಬೀದಿಯಲ್ಲಿ 'ಹಾಡುವವರು' ಅನ್ನುತ್ತಿದ್ದರಂತೆ. "ಮುಂದಿನ ಮನೇಲಿ ಮೊದಲೇ ಹೇಳ್ಬಿಡೋಣ ಮೇಡಂ. ಆಮೇಲೆ ಗೊತ್ತಾದ್ರೆ ನಂಗೂ ಕಷ್ಟ" ಎಂದ.

ಊರಿನಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲೇ ಚರ್ಚಿನ ಗಂಟೆ; ಚರ್ಚನ್ನು ನಾವು ಸಭೆ ಅನ್ನುತ್ತೇವೆ. ನಾವು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಪ್ರೇಮದಾಸನಿಗೆ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಎರಕದ ಸಾಮಾನು ಪರೀಕ್ಷಿಸುವ ಕೆಲಸ ಸಿಕ್ಕಾಗ, ದೇವರೇ ಬಾಗಿಲು ತೆರೆದ ಎಂದು ಸಭೆಯಲ್ಲಿ ಸ್ತೋತ್ರ ಹೇಳಿ ನಮ್ಮನ್ನು ಕಳಿಸಿದ್ದರು. ಶಿವಮೊಗ್ಗದ ಬೀದಿಗಳಲ್ಲಿ ಒಂದಾದ ಮೇಲೊಂದು ಬಾಗಿಲು ಹಾಕಿಕೊಳ್ಳುವಾಗ ನನಗೆ ಆ ಸ್ತೋತ್ರದ ಮೇಲೆಯೇ ಅನುಮಾನ ಬಂತು. ಕರೆದವನು ದೇವರೋ, ಬರೀ ಫೌಂಡ್ರಿಯ ಸೂಪರ್‌ವೈಸರೋ?

ಕೊನೆಗೆ ಮನೆ ಸಿಕ್ಕಿದ್ದು ಪೇಟೆಯಿಂದಾಚೆ, ಭದ್ರಾವತಿ ದಾರಿಯ ಮಲವಗೊಪ್ಪದಲ್ಲಿ. ಕೆಳಗೆ ಒಡತಿ ಗಿರಿಜಮ್ಮ, ಮಹಡಿಯಲ್ಲಿ ನಾವು. ಗಿರಿಜಮ್ಮ ವಿಧವೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಎರಡೂ ಮೊಣಕಾಲಿಗೆ ನೋವು. ಒಬ್ಬಳೇ ಮಗಳು ಭದ್ರಾವತಿಯ ಕಾಗದನಗರದಲ್ಲಿದ್ದಾಳೆ. ನಾನು ಎಲ್ಲವನ್ನೂ ಮೊದಲೇ ಹೇಳಿದೆ. ಅವರು, "ಹಾಡ್ಕೊಳ್ಳಿ. ಕಿಟಕಿ ಹಾಕ್ಕೊಂಡು ಹಾಡಿ. ಜನ ಸೇರಿಸ್ಬೇಡಿ" ಎಂದರು.

ನಮ್ಮ ಜೊತೆ ಅತ್ತೆ ಸಾರಮ್ಮ ಇದ್ದಳು. ಅವಳನ್ನು ನಾವೆಲ್ಲ ಅವ್ವ ಅನ್ನುತ್ತಿದ್ದೆವು. ಅವಳಿಗೆ ಮರೆವು. ದಿನಾ ಬೆಳಿಗ್ಗೆ ಎದ್ದು, "ಇದ ಯಾರ ಊರ ಅದ?" ಎಂದು ಕೇಳುತ್ತಿದ್ದಳು. ಮಲವಗೊಪ್ಪ ಎಂದರೆ, "ಹಂಗಂದ್ರ ಬಸ್ಸ್ ಎಷ್ಟೊತ್ತಿಗೆ?" ಎಂದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ನನ್ನ ಹೆಸರೂ ಕೆಲವು ದಿನ ಅವಳಿಗೆ ಸಿಗುತ್ತಿರಲಿಲ್ಲ. ಆದರೆ ಸಂಜೆ ನಾವು ಬೈಬಲ್ ವಾಕ್ಯ ಓದಿ ಮೊಣಕಾಲೂರಿದರೆ ಅವಳ ಪ್ರಾರ್ಥನೆ ಮಾತ್ರ ಎಲ್ಲೂ ತುಂಡಾಗದೆ ಬರುತ್ತಿತ್ತು. ಸತ್ತವರು, ಬದುಕಿದವರು, ಎಂದೋ ಮಾರಿದ ಎಮ್ಮೆ, ಎಲ್ಲವನ್ನೂ ಹೆಸರಿಟ್ಟು ಕರೆದು, ಕೊನೆಗೆ "ಯಪ್ಪಾ, ಇವತ್ತಿಂದ ಇವತ್ತಿಗಿ ನಡಸಿದಿ" ಎಂದು ಮುಗಿಸುತ್ತಿದ್ದಳು.

ಊಟವೂ ಹೊಸದಾಗಿ ಕಲಿಯಬೇಕಾಯಿತು. ನಮ್ಮ ಕಡೆ ಜೋಳದ ರೊಟ್ಟಿ ತಟ್ಟುವ ಸದ್ದೇ ಹೊತ್ತು ಹೇಳುತ್ತದೆ. ಇಲ್ಲಿ ಎಲ್ಲದಕ್ಕೂ ಅಕ್ಕಿ, ರೊಟ್ಟಿಯೂ ಅಕ್ಕಿಯದೇ. ಸಂತೆಯಲ್ಲಿ ಪುಂಡಿಪಲ್ಯೆ ಕೇಳಿದರೆ ಸೊಪ್ಪಿನವಳು ನಕ್ಕು, "ಸೊಪ್ಪು ಅನ್ನಿ ಮಾರಾಯ್ತಿ, ಪಲ್ಯ ನೀವು ಮನೇಲಿ ಮಾಡ್ಕೊಳ್ಳಿ" ಎಂದಳು. ನಾನು ಕೋಪದಿಂದ ಮನೆಗೆ ಬಂದೆ. ಮಾರಿ ಎಂದು ಬೈದಳು ಅಂದುಕೊಂಡಿದ್ದೆ. ಅದು ಇಲ್ಲಿ ಸಲಿಗೆಯ ಮಾತು, ಗಂಡಸರಿಗೆ ಮಾರಾಯ, ಹೆಂಗಸರಿಗೆ ಮಾರಾಯ್ತಿ ಎಂದು ಪ್ರೇಮದಾಸ ಫೌಂಡ್ರಿಯಲ್ಲಿ ಕೇಳಿಕೊಂಡು ಬಂದು ಹೇಳಿದ.

ಆದರೆ ಗಿರಿಜಮ್ಮನ ವಿಷಯದಲ್ಲಿ ನನ್ನ ಅನುಮಾನ ಅಷ್ಟು ಸುಲಭಕ್ಕೆ ಬಿಡಲಿಲ್ಲ. ದಿನಾ ಸಂಜೆ ನಾವು ಪ್ರಾರ್ಥನೆಗೆ ಕೂತ ಹೊತ್ತಿಗೇ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು. ಒಂದು ದಿನ ಕರಿಬೇವು, ಇನ್ನೊಂದು ದಿನ ಬಟ್ಟಲು ಸಾರು. ಬಾಗಿಲು ತೆರೆದರೆ ಅವರ ಕಣ್ಣು ನನ್ನ ಹೆಗಲಾಚೆ ಒಳಗೆ ಹೋಗುತ್ತಿತ್ತು. ಮೊಣಕಾಲು ನೋಯುವವರು ಕರಿಬೇವಿಗಾಗಿ ಮಹಡಿ ಹತ್ತುತ್ತಾರೆಯೇ? ಪ್ರಾರ್ಥನೆಯ ಹೊತ್ತನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಹೊತ್ತು ಬದಲಾದಂತೆ ಚಪ್ಪಲಿಯ ಸದ್ದೂ ಬದಲಾಯಿತು.

"ನೋಡ್ಲಿ ಬಿಡು. ನಾವೇನು ಕದಿಯಲತ್ತೀವಾ?" ಎಂದ ಪ್ರೇಮದಾಸ.

"ನೋಡಿದ್ದನ್ನು ಯಾರಿಗೆ ಹೇಳ್ತಾರಂತ ಗೊತ್ತದಾ ನಿನಗ?" ಎಂದೆ.

ಅಷ್ಟರಲ್ಲಿ ನನಗೆ ಹತ್ತಿರದ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನದವರೆಗೆ ಅವ್ವ ಒಬ್ಬಳೇ. "ನಾನಿದೀನಲ್ಲ, ಕೆಳಗೆ ಕಳಿಸಿ" ಎಂದರು ಗಿರಿಜಮ್ಮ. ಬೇರೆ ದಾರಿ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮರಳಿದಾಗ ಅವ್ವ ಅವರ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ.

ನಾವು ಜನರನ್ನು ನಮ್ಮ ಧರ್ಮಕ್ಕೆ ಎಳೆದುಕೊಳ್ಳುತ್ತೇವೆ ಎಂದು ಊರೆಲ್ಲ ಅನುಮಾನಿಸುತ್ತದೆ. ಇಲ್ಲಿ ನೋಡಿದರೆ ನಮ್ಮ ಅವ್ವನನ್ನೇ ಎಳೆದುಕೊಂಡಿದ್ದಾರೆ ಅನ್ನಿಸಿತು. ಸೆರಗಿನಿಂದ ಹಣೆ ಒರೆಸಿದೆ.

"ಯಾಕೆ ಒರೆಸ್ತೀರಿ? ತಲೆನೋವು ಅಂದ್ರು, ಹಚ್ಚಿದೆ" ಎಂದರು ಗಿರಿಜಮ್ಮ.

"ನಮ್ಮಲ್ಲಿ ಹಚ್ಚೋದಿಲ್ಲ ರೀ."

"ನಿಮ್ಮಲ್ಲಿ ಎಣ್ಣೆ ಹಚ್ಚಿ ಬೇಡ್ಕೋತೀರಂತೆ, ಸಾರಮ್ಮನೇ ಹೇಳಿದ್ರು. ನಮ್ಮಲ್ಲಿ ಇದು." ಅವರು ಮತ್ತೆ ಕಾಯಿ ಸುಲಿಯತೊಡಗಿದರು. ನಾನು ಅವ್ವನ ಕೈ ಹಿಡಿದು ಮೇಲೆ ಬಂದೆ.

ಭಾನುವಾರ ನಾವು ಹೋಗುತ್ತಿದ್ದುದು ಭದ್ರಾವತಿಯ ಒಂದು ಸಭೆಗೆ. ಕಾರ್ಖಾನೆಗಳ ಕಾಲದಲ್ಲಿ ಬಂದು ನೆಲೆನಿಂತ ತಮಿಳು, ತೆಲುಗು ಮನೆಗಳೇ ಅಲ್ಲಿ ಹೆಚ್ಚು. ಪಾಸ್ಟರ ಪ್ರಸಂಗ, ಅಂದರೆ ಉಪದೇಶ, ಕನ್ನಡದಲ್ಲಿ ಶುರುವಾಗಿ, ಅವರಿಗೆ ಉತ್ಸಾಹ ಬಂದಾಗ ತಮಿಳಿಗೆ ಹೊರಳುತ್ತಿತ್ತು. ಅಲ್ಲಿ ಎಸ್ತರಮ್ಮ ಎಂಬ ಹಿರಿಯಳಿದ್ದಳು. ವಿಭೂತಿಯ ಸಂಗತಿ ಕೇಳಿ, "ಇನ್ಮೇಲೆ ಅಲ್ಲಿ ಬಿಡಬೇಡಮ್ಮಾ. ನಾನೇ ಬಂದು ಕೂತ್ಕೋತೀನಿ" ಎಂದಳು. ನನಗೆ ಎದೆ ಹಗುರಾಯಿತು. ಎಷ್ಟಾದರೂ ನಮ್ಮವರು ಅಂದುಕೊಂಡೆ. ಆ ವಾರದಿಂದ ಎಸ್ತರಮ್ಮ ಬಸ್ಸಿನಲ್ಲಿ ಬಂದು ಅವ್ವನ ಜೊತೆ ಇರತೊಡಗಿದಳು. ಗಿರಿಜಮ್ಮನ ಕರಿಬೇವು ಬರುವುದು ನಿಂತಿತು.

ಒಂದು ದಿನ ಶಿಶುವಿಹಾರಕ್ಕೆ ಫೋನ್ ಬಂತು. ಎಸ್ತರಮ್ಮ ಸ್ನಾನದ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವ್ವ ಬಾಗಿಲು ತೆಗೆದುಕೊಂಡು ಹೋಗಿಬಿಟ್ಟಿದ್ದಳು. ನಾನು ಓಡಿ ಬರುವಷ್ಟರಲ್ಲಿ ಎಸ್ತರಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಹೊರಗೆ ಹೆದ್ದಾರಿ, ಒಂದರ ಹಿಂದೆ ಒಂದು ಲಾರಿ. ಪ್ರೇಮದಾಸನ ಫೋನು ಫೌಂಡ್ರಿಯೊಳಗೆ ಸಿಗುತ್ತಿರಲಿಲ್ಲ.

ನನಗೆ ಮೊದಲು ಬಂದ ಯೋಚನೆ ಗಿರಿಜಮ್ಮನದೇ. ಕೆಳಗಿನ ಬಾಗಿಲು ಬಡಿದು, "ಅವ್ವ ಒಳಗ ಇದ್ದಾಳಾ?" ಎಂದು ಕೇಳಿದೆ. ನನ್ನ ದನಿಯಲ್ಲಿ ಏನಿತ್ತೋ ಅವರಿಗೆ ತಿಳಿಯಿತು. ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು, ಬೇಕಾದರೆ ಹುಡುಕಿ ಎನ್ನುವ ಹಾಗೆ. ನಾನು ತಲೆ ತಗ್ಗಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ಆಟೋ ಕೂಗಿದರು.

"ಚಾನಲ್ ಕಡೆ ನಡಿ" ಎಂದರು ಡ್ರೈವರಿಗೆ. ಗದ್ದೆಗಳಿಗೆ ನೀರು ಹೋಗುವ ಕಾಲುವೆಯನ್ನು ಇಲ್ಲಿ ಚಾನಲ್ ಅನ್ನುತ್ತಾರೆ. ನನ್ನ ಕಡೆ ತಿರುಗಿ, "ದಿನಾ ಕೇಳ್ತಿದ್ರು, ಹಳ್ಳಕ್ಕೆ ಹೋಗೋಣ, ಸೀರೆ ಒಗ್ಕೊಂಡು ಬರೋಣ ಅಂತ. ನನ್ ಕಾಲಿಗೆ ಆಗಲ್ಲ ಅಂತ ಮುಂದಕ್ಕೆ ಹಾಕ್ತಿದ್ದೆ" ಎಂದರು.

ಅವ್ವ ನನ್ನ ಹತ್ತಿರ ಹಳ್ಳದ ಮಾತು ಎತ್ತಿದ್ದೇ ಇಲ್ಲ. ಎತ್ತಿದ್ದಳೇನೋ, ನಾನು ಕೇಳಿಸಿಕೊಳ್ಳಲಿಲ್ಲ. ಆಟೋದಲ್ಲಿ ಗಿರಿಜಮ್ಮ ಕಣ್ಣು ಮುಚ್ಚಿ ತುಟಿಯಲ್ಲೇ ಶಿವನ ಹೆಸರು ಹೇಳುತ್ತಿದ್ದರು. ನನಗೆ ಪ್ರಾರ್ಥನೆ ಬರಲಿಲ್ಲ. ಚಿಕ್ಕಂದಿನಿಂದ ದಿನಾ ಮಾಡಿದ ಪ್ರಾರ್ಥನೆ, ಬೇಕಾದಾಗ ಒಂದು ಮಾತೂ ಇಲ್ಲ. ಅವರ ತುಟಿಯನ್ನೇ ನೋಡುತ್ತ ಕೂತಿದ್ದೆ.

ಚಾನಲ್ ತುಂಬಿ ಹರಿಯುತ್ತಿತ್ತು. ಮೆಟ್ಟಿಲ ಬಳಿ ಬಟ್ಟೆ ಒಗೆಯುವ ಇಬ್ಬರು ಹೆಂಗಸರು ಅವ್ವನ ರಟ್ಟೆ ಹಿಡಿದು ನಿಂತಿದ್ದರು. ಅವಳ ಸೀರೆ ಮೊಣಕಾಲವರೆಗೆ ಒದ್ದೆ. "ನಿಮ್ಮೋರಾ? ನೀರಿಗೆ ಇಳೀತಾನೇ ಇದ್ರು. ಮನೇಲಿ ಏನೋ ಗಲಾಟೆ ಆಗಿ ಬಂದಿರ್ಬೇಕು ಅಂದ್ಕೊಂಡ್ವಿ" ಎಂದಳು ಒಬ್ಬಳು, ನನ್ನನ್ನು ಮೇಲಿಂದ ಕೆಳಗೆ ನೋಡುತ್ತ.

ಅವ್ವ ಗಿರಿಜಮ್ಮನನ್ನು ಕಂಡು ನಕ್ಕಳು. "ಬಂದಿ? ಎಷ್ಟೊತ್ತ ನಿಂತೀನಿ ನಾ" ಎಂದಳು. ಆಮೇಲೆ ನನ್ನನ್ನು ನೋಡಿ ಅವರನ್ನೇ ಕೇಳಿದಳು, "ಇಕಿ ಯಾರು?"

ಗಿರಿಜಮ್ಮ ತಡಮಾಡಲಿಲ್ಲ. "ಸಾರಮ್ಮ, ಇವಳು ನಿಮ್ ಸೊಸೆ. ನಿಮ್ಮನ್ನ ಹುಡುಕ್ಕೊಂಡು ಓಡಿ ಬಂದಿದಾಳೆ" ಎಂದರು.

ಮನೆಗೆ ಬಂದು ಅವ್ವನಿಗೆ ಸೀರೆ ಬದಲಿಸಿ ಮಲಗಿಸಿದ ಮೇಲೆ ನಾನು ಕೆಳಗೆ ಹೋದೆ. ಗಿರಿಜಮ್ಮ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೃತಜ್ಞತೆಯ ಮಾತನ್ನು ಜೋಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದಿದ್ದು ಬೇರೆ. "ಪ್ರಾರ್ಥನೆ ಹೊತ್ತಿಗೆ ಯಾಕ ಬರ್ತಿದ್ರಿ?"

"ಜನ ಸೇರಿಸ್ತೀರೇನೋ ನೋಡೋಣ ಅಂತ" ಎಂದರು ನೇರವಾಗಿ. "ಅದು ಸುಳ್ಳಲ್ಲ. ನಿಮಗೆ ಮನೆ ಕೊಟ್ಟಿದ್ದಕ್ಕೆ ನಂಗೂ ಕೇಳೋರಿದ್ರು." ಎಣ್ಣೆಯ ಕೈಯನ್ನು ಇನ್ನೊಂದು ಮೊಣಕಾಲಿಗೆ ಒಯ್ದರು. "ಆಮೇಲೆ ಒಂದಿನ ಸಾರಮ್ಮ ನನ್ ಹೆಸರು ಹೇಳಿ ದೇವರಿಗೆ ಕೇಳ್ಕೊಂಡ್ರು. ಕೆಳಗಿನ ಮನೆ ಗಿರಿಜಕ್ಕನ ಕಾಲು ಅಂತ. ನಮ್ಮೋರ್ಯಾರೂ ನನ್ ಕಾಲಿಗೋಸ್ಕರ ಬೇಡ್ಕೊಂಡಿಲ್ಲ ಮಾರಾಯ್ತಿ. ದಿನಾ ಹೇಳ್ತಾರಾ ಅಂತ ಕೇಳೋಕೆ ಬರ್ತಿದ್ದೆ."

"ಹೇಳ್ತಿದ್ಲಾ?"

"ಒಂದಿನಾನೂ ತಪ್ಪಿಸ್ಲಿಲ್ಲ." ಎಣ್ಣೆಯ ಬಟ್ಟಲನ್ನು ಮುಚ್ಚಿ, "ಆದ್ರೂ ಜನ ಸೇರಿಸ್ಬೇಡಿ" ಎಂದರು.

ನಾನೂ ಅದೇ ಪ್ರಾರ್ಥನೆಯಲ್ಲಿ ದಿನಾ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ನನ್ನ ಕಿವಿ ಚಪ್ಪಲಿಯ ಸದ್ದಿನ ಮೇಲಿತ್ತು.

ಮುಂದಿನ ಭಾನುವಾರ ಪಾಸ್ಟರು ನನ್ನನ್ನು ಸಾಕ್ಷಿ ಹೇಳಲು ಕರೆದರು. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳುವುದಕ್ಕೆ ಸಾಕ್ಷಿ ಅನ್ನುತ್ತಾರೆ. "ದೇವರು ತನ್ನ ದೂತನನ್ನು ಕಳಿಸಿ ಕಾಪಾಡಿದ್ದನ್ನು ಸಹೋದರಿ ಹೇಳ್ತಾರೆ" ಎಂದು ಮೈಕು ಕೊಟ್ಟರು. ಬಸ್ಸಿನಲ್ಲಿ ಸೀಟು ಸಿಕ್ಕಿದ್ದಕ್ಕೂ ದೂತನನ್ನು ಕರೆಸುವ ಸಾಕ್ಷಿಗಳನ್ನು ನಾನು ನಂಬಿದವಳಲ್ಲ. "ದೂತ ಬರಲಿಲ್ಲ. ನಮ್ಮ ಮನೆಯೊಡತಿ ಗಿರಿಜಮ್ಮ ಆಟೋ ಮಾಡಿಕೊಂಡು ಬಂದರು" ಎಂದೆ. ಸಭೆ ಮುಂದಿನ ಮಾತಿಗೆ ಕಾಯಿತು. ನಾನು ಮೈಕನ್ನು ಪಾಸ್ಟರಿಗೆ ಮರಳಿಸಿದೆ. ಹೊರಗೆ ಬಂದಾಗ ಎಸ್ತರಮ್ಮ ನನ್ನ ಕೈ ಹಿಡಿದು, "ಆಕೇನ ಒಂದ್ಸಲ ಸಭೆಗೆ ಕರ್ಕೊಂಡು ಬಾಮ್ಮಾ" ಎಂದಳು. ನಾನು ಆಗುವುದಿಲ್ಲ ಎಂದೆ. ಜನ ಸೇರಿಸಬೇಡಿ ಎಂಬುದೊಂದೇ ಅವರು ಕೇಳಿದ ಮಾತು, ಅವರನ್ನೇ ಸೇರಿಸಿ ಅದನ್ನು ಮುರಿಯಲಾರೆ ಎಂದೆ.

ನಂಬಿಗಸ್ತಿಕೆ ಎಂಬ ಮಾತು ನಮ್ಮ ಪ್ರಸಂಗಗಳಲ್ಲಿ ಬಹಳ ಬರುತ್ತದೆ. ದೇವರು ನಂಬಿಗಸ್ತನು, ಕೊಟ್ಟ ಮಾತಿಗೆ ತಪ್ಪದವನು. ಊರಿನಲ್ಲಿ ಅದನ್ನು ಹಾಡಿ ಹಾಡಿ ಅದರ ಅರ್ಥ ಕೇಳಿಕೊಳ್ಳುವುದನ್ನೇ ಬಿಟ್ಟಿದ್ದೆ. ದೊಡ್ಡ ಕಾಯಿಲೆ ವಾಸಿಯಾದರೆ, ಕೆಲಸ ಸಿಕ್ಕರೆ ಹೇಳುವ ಮಾತು ಅಂದುಕೊಂಡಿದ್ದೆ. ಮಲವಗೊಪ್ಪದಲ್ಲಿ ಅದು ನೋವಿನ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ ಬಂದಿತ್ತು, ಅರ್ಧ ಅನುಮಾನದಿಂದಲೇ. ನಾನೂ ಅರ್ಧ ಅನುಮಾನದಿಂದಲೇ ಬಾಗಿಲು ತೆರೆದಿದ್ದೆ. ನಮ್ಮಿಬ್ಬರ ನಂಬಿಕೆ ಕಾಯುತ್ತ ಕೂತಿದ್ದರೆ ದೇವರ ಕೆಲಸ ನಡೆಯುತ್ತಿರಲಿಲ್ಲವೇನೋ. ಹೀಗೆ ಬರೆಯುವಾಗಲೂ, ಇದು ಸಾಕ್ಷಿಯ ಹಾಗೆ ನಯವಾಗಿಬಿಟ್ಟಿತೇ ಎಂದು ಹೆದರಿಕೆಯಾಗುತ್ತದೆ. ನಡೆದದ್ದು ಇಷ್ಟು: ಆ ಭಾನುವಾರದ ಮರುದಿನದಿಂದ ಅವ್ವ ಮತ್ತೆ ಕೆಳಗೆ ಹೋಗತೊಡಗಿದಳು. ಅವಳ ಹಣೆಯಲ್ಲಿ ಮತ್ತೆಂದೂ ವಿಭೂತಿ ಕಾಣಲಿಲ್ಲ. ಆದರೂ ಕೆಲವು ತಿಂಗಳು ನಾನು ಮನೆಗೆ ಬಂದೊಡನೆ ಮೊದಲು ಹಣೆಯನ್ನೇ ನೋಡುತ್ತಿದ್ದೆ. ಗಿರಿಜಮ್ಮ ಅದನ್ನು ಗಮನಿಸುತ್ತಿದ್ದರು.

ಮಳೆಗಾಲದ ಮೊದಲಲ್ಲಿ ಅವ್ವ ತೀರಿಕೊಂಡಳು. ಬೆಳಗಿನ ಚಹಾ ಕುಡಿದು ಮಲಗಿದವಳು ಏಳಲಿಲ್ಲ. ಹುಮನಾಬಾದ್ ಕಡೆಗೆ ಒಯ್ಯಬೇಕು, ಮಾವನ ಪಕ್ಕದಲ್ಲೇ ಮಣ್ಣು ಮಾಡಬೇಕು ಎಂದು ಊರಿನಿಂದ ಭಾವ ಫೋನಿನಲ್ಲಿ ಹಟ ಹಿಡಿದರು. ಅಷ್ಟು ದೂರ, ಅಷ್ಟು ಮಳೆ. ಪ್ರೇಮದಾಸ ಗೋಡೆಗೊರಗಿ ಕೂತುಬಿಟ್ಟ. ಕೊನೆಗೆ ಭದ್ರಾವತಿಯ ಸ್ಮಶಾನದಲ್ಲಿ ಸಭೆಯವರು ಜಾಗ ಮಾಡಿಕೊಟ್ಟರು. ಎಸ್ತರಮ್ಮನೇ ಅವ್ವನನ್ನು ತೊಳೆದು ಬಿಳಿ ಸೀರೆ ಉಡಿಸಿದಳು.

ಗಿರಿಜಮ್ಮ ಸ್ಮಶಾನದ ಗೇಟಿನ ತನಕ ಬರುತ್ತಾರೆ ಅಂದುಕೊಂಡಿದ್ದೆ. ಒಳಗೆ ಬಂದು, ಗುಂಡಿಯ ಅಂಚಿಗೆ ಕೊಡೆ ಹಿಡಿದು ನಿಂತರು. ಎಲ್ಲ ಮುಗಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ನನಗಷ್ಟೇ ಕೇಳುವಂತೆ, "ನಮ್ಮಲ್ಲೂ ಸುಡಲ್ಲ, ಮಣ್ಣೇ. ನಾವು ಕೂರಿಸ್ತೀವಿ, ನೀವು ಮಲಗಿಸ್ತೀರಿ" ಎಂದರು.

ದಸರಾ ರಜೆಗೆ ಊರಿಗೆ ಹೋದೆವು. ಭಾವ ಸರಿಯಾಗಿ ಮಾತಾಡಲಿಲ್ಲ. ಸಭೆಯಲ್ಲಿ ನಮಗಾಗಿ ಪ್ರಾರ್ಥಿಸುವಾಗ ಹಿರಿಯರು 'ಪರಸ್ಥಳದಲ್ಲಿರುವ ಮಕ್ಕಳು' ಎಂದರು, ನಾವು ಎದುರಿಗೇ ಕೂತಿದ್ದರೂ. ನಾನು ಶಿವಮೊಗ್ಗದ ಧಾಟಿಯಲ್ಲಿ "ಬರ್ತೀನಿ" ಅಂದರೆ ಓರಗಿತ್ತಿ ನಗುತ್ತಿದ್ದಳು. ನಗೆಯ ಹಿಂದೆ ಒಂದು ಹುಡುಕುವ ನೋಟ ಇತ್ತು. ಅಲ್ಲಿ ಹೋಗಿ ಏನೇನು ಬಿಟ್ಟಿರಿ, ಏನೇನು ಹಿಡಿದಿರಿ ಎಂದು ಕೇಳುವ ನೋಟ. ಅಂಥ ನೋಟ ನನಗೆ ಮಲವಗೊಪ್ಪದಲ್ಲಿ ಪರಿಚಯವಾಗಿತ್ತು, ಸ್ವಂತ ಮನೆಯಲ್ಲಿ ಎದುರಾಗುತ್ತದೆಂದು ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೂ ಓರಗಿತ್ತಿಯೂ ರೊಟ್ಟಿ ತಟ್ಟುತ್ತಿದ್ದಾಗ ಗಿರಿಜಮ್ಮನ ಫೋನ್ ಬಂತು. ಕಾಗದನಗರಕ್ಕೆ ಮಗಳ ಮನೆಗೆ ಹೋದವರು ದಾರಿಯಲ್ಲಿ ಸ್ಮಶಾನದ ಹತ್ತಿರ ಇಳಿದಿದ್ದರಂತೆ. "ಮಳೆಗೆ ಸಾರಮ್ಮನ ಮೇಲಿನ ಮಣ್ಣು ಒಂದು ಕಡೆ ಕುಸಿದಿದೆ. ನೀವು ಬಂದು ಸರಿ ಮಾಡಿಸಿ. ಯಾವಾಗ ಬರ್ತೀರಿ?"

"ನಾಳಿದ್ದು ಊರಿಗೆ ಬರ್ತೀವಿ. ಬಂದ ಕೂಡ್ಲೇ ಹೋಗ್ತೀವಿ" ಎಂದೆ.

ಫೋನ್ ಇಟ್ಟಾಗ ಓರಗಿತ್ತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಊರಿಗಿ ಬರ್ತೀವಿ ಅಂದಿ. ಹಂಗಾದ್ರ ಇದು ಯಾವ್ದದ?"

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ನಾನು ಅದನ್ನು ತಿರುಗಿಸಿದೆ.