ತೇವದ ಗೋಡೆ ಕೆರೆಸಿದ್ದು

ತಂಗಿಗೆ ರಕ್ತದ ಕ್ಯಾನ್ಸರ್. ಕೀಮೋ ಮುಗಿಸಿ ಮನೆಗೆ ಕಳಿಸುವ ಮುಂಚೆ ಡಾಕ್ಟರು, 'ಬಿಳಿ ರಕ್ತಕಣ ತೀರಾ ಕಮ್ಮಿ ಇದೆ, ಮನೆ ಕ್ಲೀನಾಗಿರಲಿ' ಅಂದರು. ಇನ್ನೂ ಏನೋ ಹೇಳುತ್ತಿದ್ದರು, ನಾನು ಆಗಲೇ ಎದ್ದಿದ್ದೆ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಕ್ಲೀನು ಅಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ, ಸುಣ್ಣ ಬಣ್ಣ. ಬಾಣಂತಿ ಬರಲಿ, ಮದುವೆ ಆಗಲಿ, ಮೊದಲು ಗೋಡೆ ಹೊಸದಾಗಬೇಕು.

ವಿದ್ಯಾರಣ್ಯಪುರದ ಮನೆಯಲ್ಲಿ ನಾವು ಮೂವರೇ, ಅಮ್ಮ, ನಾನು, ಅವಳು. ಬಚ್ಚಲಿಗೆ ಅಂಟಿಕೊಂಡ ಗೋಡೆ ವರ್ಷಗಳಿಂದ ತೇವ ಹಿಡಿದು ಕಪ್ಪಗೆ ಬೂಷ್ಟು ಕಟ್ಟಿತ್ತು. ಗಾರೆ ಕೆಲಸದವರನ್ನು ಕರೆಸಿ ಕೆರೆಯಲು ಹಚ್ಚಿದೆ. ಎರಡು ದಿನ ಅಂದವರು ನಾಲ್ಕು ದಿನ ಎಳೆದರು. ತಂಗಿ ಬಂದಾಗಲೂ ಕೆರೆಯುವ ಸದ್ದು ನಿಂತಿರಲಿಲ್ಲ. ಅವಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದೆವು. ಆದರೂ ಸಂದಿಯಿಂದ ನುಗ್ಗಿದ ಧೂಳು ಹೊದಿಕೆಯ ಮೇಲೆ ಕೂರುತ್ತಿತ್ತು, ಅಮ್ಮ ಗಂಟೆಗೊಮ್ಮೆ ಕೊಡವುತ್ತಿದ್ದಳು.

'ಯಾವ ಮಹಾರಾಣಿ ಬರ್ತಾಳೆ ಅಂತ ಇಷ್ಟೆಲ್ಲ ಮಾಡಿಸ್ತಿದ್ಯಣ್ಣ' ಎಂದು ತಂಗಿ ಕಾಲೆಳೆದಳು. ನಾನು ಬೀಗಿದೆ.

ಹತ್ತು ದಿನದೊಳಗೆ ಜ್ವರ. ಯಾವ ಔಷಧಿಗೂ ಬಗ್ಗಲಿಲ್ಲ. ಮತ್ತೆ ಆಸ್ಪತ್ರೆ, ಸ್ಕ್ಯಾನು. ಶ್ವಾಸಕೋಶದಲ್ಲಿ ಫಂಗಸ್ ಎಂದರು.

'ಬೂಷ್ಟಿನ ಕಣ ಗಾಳೀಲಿ ಇದ್ದೇ ಇರುತ್ತೆ, ನಮಗೇನೂ ಆಗಲ್ಲ. ಇವರಿಗೆ ತಡ್ಕೊಳ್ಳೋ ಶಕ್ತಿ ಇಲ್ಲ. ಮನೇಲಿ ಗೋಡೆ ಒಡೆಯೋದು, ಕೆರೆಯೋದು ಏನಾದ್ರೂ ನಡೀತಾ?' ಡಾಕ್ಟರು ಕೇಳಿದ್ದು ನನ್ನನ್ನು. ಆಕ್ಸಿಜನ್ ಮಾಸ್ಕ್ ಸರಿಸಿ ತಂಗಿಯೇ, 'ಇಲ್ಲ ಡಾಕ್ಟ್ರೇ' ಅಂದಳು.

ಅವರ ಹಿಂದೆಯೇ ಹೊರಗೆ ಓಡಿ ನಿಜ ಹೇಳಿದೆ. 'ಅದ್ರಿಂದಲೇ ಅಂತ ಖಚಿತವಾಗಿ ಹೇಳೋಕಾಗಲ್ಲ' ಅಂದರು. ಒಳ್ಳೆಯ ಮನುಷ್ಯ. ಆ ಮಾತು ನನ್ನ ಸಂಕಟವನ್ನು ಒಂದು ಗುಲಗಂಜಿಯಷ್ಟೂ ಇಳಿಸಲಿಲ್ಲ. ಒಳಗೆ ಬಂದಾಗ ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

'ಹೇಳ್ಬುಟ್ಯಾ ಅಣ್ಣ? ಅಮ್ಮಂಗೆ ಮಾತ್ರ ಹೇಳ್ಬೇಡ. ನಾನೂ ಹೋಗಿ, ಸಿಟ್ಟಲ್ಲಿ ಅವ್ಳು ನಿನ್ ಮುಖಾನೂ ನೋಡ್ದೇ ಹೋದ್ರೆ ಅಮ್ಮಂಗ್ ಯಾರಿರ್ತಾರೆ.'

ಮೂರು ವಾರ ಫಂಗಸ್ಸಿಗೆ ಇಂಜೆಕ್ಷನ್ ನಡೆಯಿತು. ತಂಗಿ ಉಳಿಯಲಿಲ್ಲ.

ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. ಮನೆಗೆ ಬಂದವರನ್ನು ಆ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಸವರಿ ತೋರಿಸುತ್ತಾಳೆ. 'ತಂಗಿ ಬರ್ತಾಳೆ ಅಂತ ಇವ್ನೇ ನಿಂತು ಮಾಡಿಸ್ದ ಕಣಮ್ಮ. ಇಂಥ ಅಣ್ಣ ಯಾರಿಗ್ ಸಿಗ್ತಾನೆ' ಅನ್ನುತ್ತಾಳೆ. ಬಂದವರು ನನ್ನ ಕಡೆ ತಿರುಗುತ್ತಾರೆ. ನಾನು ಹೂಂ ಅನ್ನುತ್ತೇನೆ.