ಮೈ ಇಳಿಸುವ ಕೋರ್ಸಿಗೆ ಸೇರಿದ್ದು

ನಾನು ಮೈ ಇಳಿಸುವ ಕೋರ್ಸಿಗೆ ಸೇರಿದ್ದು ದಪ್ಪಗಿದ್ದೆ ಅಂತಲ್ಲ, ಸಿಟ್ಟು ಬಂತು ಅಂತ. ಬಂಗಾರಪೇಟೆಯಲ್ಲಿ ಮೈದುನನ ಮದುವೆ ಮುಗಿದ ಮೇಲೆ ಮನೆಮಂದಿಯೆಲ್ಲ ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಹೋದೆವು. ಫೋಟೋದವನು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, ನನ್ನ ಕಡೆ ಕೈ ತೋರಿಸಿ, "ಆ ಅಕ್ಕ ಒಸಿ ಆ ಕಡೆ ಕೊನೆಗೋದ್ರೆ ಮಿಕ್ಕೋರೆಲ್ಲ ಇಡಿಸ್ತಾರೆ" ಅಂದ. ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಮಿಕ್ಕವರ ನಗುವನ್ನು ನಾನು ಯಾವತ್ತೂ ಲೆಕ್ಕಕ್ಕೆ ಇಟ್ಟವಳಲ್ಲ. ಇವರು ನಕ್ಕಿದ್ದು ಮಾತ್ರ ಎದೆಗೆ ನಾಟಿತು. ರೈಲಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆಗೆ ಮುಖ ಮಾಡಿಯೇ ಕೂತಿದ್ದೆ. ಯಾಕೆ ಅಂತ ಅವರು ಕೇಳಲಿಲ್ಲ.

ಅರವತ್ತರ ದಶಕದ ಶುರುವಿನ ಮಾತು ಇದು. ನಾವಿದ್ದದ್ದು ನಂದಿದುರ್ಗ ಚಿನ್ನದ ಗಣಿಯ ಲೈನು ಮನೆಯಲ್ಲಿ. ಒಂದೇ ಸೂರಿನಡಿ ಸಾಲಾಗಿ ಪುಟ್ಟ ಪುಟ್ಟ ಮನೆಗಳು, ಮುಂದೆ ಎಲ್ಲರಿಗೂ ಸೇರಿ ಒಂದು ಉದ್ದನೆಯ ಜಗಲಿ. ನಮ್ಮವರಿಗೆ ಗಣಿಯೊಳಗೆ ಕೆಲಸ. ಹಗಲು ಪಾಳಿ ಇದ್ದರೆ ರಾತ್ರಿ ನಿದ್ದೆ, ರಾತ್ರಿ ಪಾಳಿ ಇದ್ದರೆ ಹಗಲು ನಿದ್ದೆ. ಎಚ್ಚರವಿದ್ದ ಹೊತ್ತಿನಲ್ಲೂ ಮಾತು ಕಡಿಮೆ. ಮಕ್ಕಳು ಇನ್ನೂ ಆಗಿರಲಿಲ್ಲ. ತುಂಬಿದ ಮನೆಯಿಂದ ಬಂದ ನನಗೆ ಆ ಜಗಲಿ ಒಂದು ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು. ನನಗೆ ಇದ್ದ ಜನ ಅಂದರೆ ಅಲ್ಲಿ ಕೂರುವ ಹೆಂಗಸರೇ.

ಮಧ್ಯಾಹ್ನ ಅಲ್ಲೇ ನಮ್ಮ ಊಟ. ಅವರವರ ಮನೆಯಲ್ಲಿ ಇದ್ದದ್ದನ್ನು ತರುವುದು. ಒಬ್ಬಳು ಮುದ್ದೆ, ಒಬ್ಬಳು ಅನ್ನ, ತಮಿಳಿನವಳು ಕುಳಂಬು, ತೆಲುಗಿನವಳು ಗೊಜ್ಜು. ಪಕ್ಕದ ಮನೆಯ ಹಿರಿಯಳನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತಿದ್ದೆವು. ಅವಳು ಎಲ್ಲವನ್ನೂ ದೊಡ್ಡ ಬೋಗುಣಿಗೆ ಹಾಕಿ ಕಲಸಿ, ಸುತ್ತ ಕೂತವರ ಅಂಗೈಗೆ ತುತ್ತು ಹಾಕುತ್ತಿದ್ದಳು. ಗಂಡ ಆ ಹೊತ್ತು ಗಣಿಯೊಳಗೆ ಇದ್ದರೆ ಆ ಹೆಂಗಸಿಗೆ ಮೊದಲ ತುತ್ತು ಅವನ ಹೆಸರಿನದು, ಆಮೇಲಿನದು ಅವಳದು. "ಅವ್ರು ಮೇಲಕ್ಕೆ ಬರೋಗಂಟ ಅವ್ರ ಒಟ್ಟೆ ನಮ್ತಾವ ಐತೆ ಕಣೇ" ಅನ್ನುತ್ತಿದ್ದಳು ದೊಡ್ಡಮ್ಮ. ಜಾತಿ ಗೀತಿ ಅಂತ ಮೂಗು ಮುರಿಯುವ ನಮ್ಮತ್ತೆ ಊರಿಂದ ಬಂದಾಗ ಮಾತ್ರ ನಾನು ಒಳಗೆ ತಿನ್ನುತ್ತಿದ್ದೆ.

ಕೋರ್ಸು ನಡೆಯುತ್ತಿದ್ದದ್ದು ಆಂಡರ್ಸನ್‌ಪೇಟೆಯಲ್ಲಿ, ಜವಳಿ ಅಂಗಡಿಯೊಂದರ ಮಹಡಿ ಮೇಲೆ. ಮದರಾಸಿನಲ್ಲಿ ಕಲಿತು ಬಂದೆ ಅನ್ನುತ್ತಿದ್ದ ಒಬ್ಬ ಮೇಷ್ಟ್ರು ಮತ್ತು ಅವರ ಹೆಂಡತಿ ಅದನ್ನು ನಡೆಸುತ್ತಿದ್ದರು. ಸೇರುವುದಕ್ಕೆ ಹತ್ತು ರೂಪಾಯಿ, ಪ್ರತಿ ವಾರ ತೂಗಿಸಿಕೊಳ್ಳುವುದಕ್ಕೆ ಒಂದು ರೂಪಾಯಿ, ಪುಡಿಯ ಡಬ್ಬಿಗೆ ಬೇರೆ. ಬರದಿದ್ದ ವಾರದ್ದೂ ಕೊಡಬೇಕು, ಇಳಿಯದಿದ್ದರೂ ಕೊಡಬೇಕು. ಕೋಳಿ ಸಾಕಿ ಮೊಟ್ಟೆ ಮಾರಿದ ದುಡ್ಡೆಲ್ಲ ಆ ಮೆಟ್ಟಿಲು ಹತ್ತಿತು. ಸೊಂಟಕ್ಕೆ ಪಟ್ಟಿ ಹಾಕಿ ಕರೆಂಟಿನಲ್ಲಿ ಅಲ್ಲಾಡಿಸುವ ಒಂದು ಮೆಷಿನ್ನು ಇತ್ತು. ಅದರೊಳಗೆ ನಿಂತರೆ ಜರಡಿಯಲ್ಲಿ ರಾಗಿ ಕುಣಿದ ಹಾಗೆ ಕುಣಿಯಬೇಕು. ಪುಡಿಯನ್ನು ನೀರಿಗೆ ಕಲಸಿ ಮಧ್ಯಾಹ್ನದ ಊಟದ ಬದಲು ಕುಡಿಯಬೇಕು. ಮುಚ್ಚಳ ತೆಗೆದ ದಿನವೇ ವಾಸನೆ ಗೊತ್ತಾಯಿತು. ಹುರಿದ ಹುರುಳಿಕಾಳಿಗೆ ಒಂದಿಷ್ಟು ಏಲಕ್ಕಿ. ನಮ್ಮೂರಲ್ಲಿ ಅದನ್ನೇ ಬೇಯಿಸಿ ಎತ್ತುಗಳಿಗೆ ಇಡುತ್ತಿದ್ದೆವು, ಏಲಕ್ಕಿ ಮಾತ್ರ ಹಾಕುತ್ತಿರಲಿಲ್ಲ. ಟೇಪು ಹಿಡಿದು ನಮ್ಮ ಸೊಂಟ ಅಳೆಯುತ್ತಿದ್ದ ಮೇಷ್ಟ್ರ ಹೆಂಡತಿ ನನಗಿಂತ ಒಂದು ಸುತ್ತು ಹೆಚ್ಚೇ ಇದ್ದರು. ಆ ಪುಡಿ ಅವರಿಗೆ ಯಾಕೆ ಹಿಡಿಸಿಲ್ಲ ಅಂತ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಲ್ಲಿ ಬರುವ ಹೆಂಗಸರಾದರೂ ಮಾತಿಗೆ ಸಿಗುತ್ತಾರೆ ಅಂದುಕೊಂಡಿದ್ದೆ. ಸಿಗಲಿಲ್ಲ. ಮೇಷ್ಟ್ರು ಒಬ್ಬೊಬ್ಬರ ತೂಕವನ್ನೂ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಇಳಿದವಳಿಗೆ ಚಪ್ಪಾಳೆ, ಏರಿದವಳು ತಲೆ ತಗ್ಗಿಸಿ ನಿಲ್ಲಬೇಕು. ಅಷ್ಟು ನಾಚಿಕೆಪಟ್ಟವರು ಒಬ್ಬರ ಮುಖ ಒಬ್ಬರು ನೋಡುವುದು ಹೇಗೆ? ಸೆರಗು ಹೊದ್ದು ಮೆಟ್ಟಿಲಿಳಿದು ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಿದ್ದೆವು.

ಬೇರೆಯವರ ಕೈಯಿಂದ ಏನನ್ನೂ ತಿನ್ನಕೂಡದು ಅನ್ನುವುದು ಕೋರ್ಸಿನ ಮುಖ್ಯ ಕಟ್ಟಳೆ. ಜಗಲಿಯಲ್ಲಿ ನಾನು ಹಾಗೆಂದಾಗ ದೊಡ್ಡಮ್ಮ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ನಿಂದು ಬ್ಯಾಡಾಂದ್ರೆ ಬುಡು. ಅವುನ್ದು ಯಾರು ತಿಂತಾರೆ?" ಅಂದಳು. ಅದೂ ಸರಿಯೇ ಅನಿಸಿ ಇವರ ಹೆಸರಿನ ಒಂದು ತುತ್ತು ಮಾತ್ರ ತಿಂದುಕೊಂಡು ಬಂದೆ. ಆ ವಾರ ತೂಕದ ಮುಳ್ಳು ಮೇಲಕ್ಕೇ ಹೋಯಿತು. "ಯಾರ ಕೈಯಿಂದ ತಿಂದ್ರಿ?" ಅಂತ ಮೇಷ್ಟ್ರು ಎಲ್ಲರೆದುರು ಕೇಳಿದರು. ಹೆಸರಿನ ತುತ್ತಿನ ವಿಷಯ ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಮಾರನೆಯ ದಿನದಿಂದ ಮಧ್ಯಾಹ್ನವಾದರೆ ಬಾಗಿಲು ಹಾಕಿಕೊಂಡೆ.

ಮೊದಮೊದಲು "ಬಾರೇ, ಸುಮ್ನೆ ಕೂತಾದ್ರೂ ಇರು" ಅಂತ ಬಾಗಿಲು ತಟ್ಟುತ್ತಿದ್ದರು. ಹೋಗಿ ಕೂತರೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಹಾಗಾಗಿ ಹೋಗಲಿಲ್ಲ. ಬರಬರುತ್ತಾ ತಟ್ಟುವುದು ನಿಂತಿತು. ಒಳಗೆ ಹುರುಳಿ ನೀರು ಕುಡಿಯುತ್ತಾ ಹೊರಗಿನ ನಗು ಕೇಳಿಸಿಕೊಳ್ಳುತ್ತಿದ್ದೆ. ಯಾವ ಮಾತಿಗೆ ನಗುತ್ತಿದ್ದಾರೆ ಅನ್ನುವುದು ಕೂಡ ಆಮೇಲಾಮೇಲೆ ತಿಳಿಯದಂತಾಯಿತು. ಮೈ ಮಾತ್ರ ಚೆನ್ನಾಗಿಯೇ ಇಳಿಯಿತು. ರವಿಕೆಗಳನ್ನೆಲ್ಲ ಹಿಡಿದು ಹೊಲಿದುಕೊಂಡೆ, ಮಹಡಿ ಮೇಲೆ ನನಗೂ ಚಪ್ಪಾಳೆ ಬಿತ್ತು. ಒಂದು ಭಾನುವಾರ ಇವರು ನನ್ನನ್ನು ದಿಟ್ಟಿಸಿ ನೋಡಿ, "ಯಾಕೆ, ಜ್ವರ ಗಿರ ಬಂದಿತ್ತಾ?" ಅಂದರು. ಇಷ್ಟಕ್ಕಾಗಿಯೇ ನಾನು ಅಷ್ಟೆಲ್ಲ ಮಾಡಿದ್ದು ಅನಿಸಿ ಅಳು ಬಂತು.

ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ನೆಲ ನಡುಗುತ್ತದೆ. ಸಣ್ಣಪುಟ್ಟದಕ್ಕೆ ಯಾರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಗೂಡಿನ ಪಾತ್ರೆಗಳೆಲ್ಲ ಉರುಳಿ ಬಿದ್ದವು. ಇವರು ಒಳಗಿದ್ದರು. ಬಾಗಿಲು ತೆಗೆದು ಓಡಿದೆ. ಗಣಿ ಬಾಯಿಯ ಗೇಟಿನ ಹತ್ತಿರ ಲೈನಿನ ಹೆಂಗಸರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ನಾನು ಪಕ್ಕದಲ್ಲಿ ನಿಂತೆ. ಗಂಡಸರು ತಂಡ ತಂಡವಾಗಿ ಮೇಲೆ ಬಂದರು, ಇವರು ಬರಲಿಲ್ಲ. ಅವರ ಹೆಸರಿನ ತುತ್ತನ್ನು ಎಷ್ಟು ದಿನದಿಂದ ತಪ್ಪಿಸಿದ್ದೆ ಅನ್ನುವುದು ತಲೆಗೆ ಹೊಕ್ಕಿದ್ದೇ ಅಲ್ಲೇ ನೆಲಕ್ಕೆ ಕೂತೆ. ದೊಡ್ಡಮ್ಮನಿಗೆ ಅರ್ಥವಾಗಿರಬೇಕು. ಬಗ್ಗಿ, "ಎದುರ್ಕೋಬ್ಯಾಡ. ಅವುನ್ ತುತ್ತು ಒಂದ್ ದಿನಾನೂ ತಪ್ಸಿಲ್ಲ, ನಾನೇ ತಿಂದಿವ್ನಿ" ಅಂದಳು.

ಕೊನೆಯ ತಂಡದಲ್ಲಿ ಇವರೂ ಬಂದರು, ಮೈಯೆಲ್ಲ ಧೂಳು. "ನೀನ್ಯಾಕೆ ಬಂದೆ?" ಅಂತ ಕೇಳಿ ಮನೆ ಕಡೆ ನಡೆದರು.

ಮಾರನೆಯ ದಿನ ಪುಡಿಯನ್ನು ಕೋಳಿಗಳಿಗೆ ಎರಚಿದೆ. ರಾಗಿಹಿಟ್ಟು ತೊಳಸಿ, ಸೊಪ್ಪಿನ ಸಾರು ಕುದಿಸಿ, ಪಾತ್ರೆ ಎತ್ತಿಕೊಂಡು ಜಗಲಿಗೆ ಹೋದೆ. ಮಾತಾಡುತ್ತಿದ್ದವರು ನಿಲ್ಲಿಸಿ ಸರಿದು ಜಾಗ ಮಾಡಿಕೊಟ್ಟರು. "ಬನ್ನಿ, ಕೂತ್ಕಳಿ" ಅಂದಳು ದೊಡ್ಡಮ್ಮ. ಅವಳ ಬಾಯಲ್ಲಿ ನನಗೆ ಬಹುವಚನ ಕೇಳಿದ್ದು ಅದೇ ಮೊದಲು. ನನ್ನ ಮುದ್ದೆ ಸಾರನ್ನು ತೆಗೆದುಕೊಂಡು ಬೋಗುಣಿಗೆ ಸೇರಿಸಿದಳು. ಆಮೇಲೆ ಒಳಗೆ ಹೋಗಿ ಒಂದು ತಟ್ಟೆ ತಂದಳು. ನಮ್ಮ ಜಗಲಿಗೆ ತಟ್ಟೆ ಬರುತ್ತಿದ್ದದ್ದು ಊರಿನಿಂದ ನೆಂಟರು ಬಂದಾಗ ಮಾತ್ರ. ಅದರಲ್ಲಿ ಒಂದಿಷ್ಟೇ ಇಷ್ಟು ಬಡಿಸಿ ನನ್ನ ಮುಂದೆ ಇಟ್ಟಳು.

"ನಂಗೂ ಕೈಗೇ ಹಾಕು ದೊಡ್ಡಮ್ಮ" ಅಂದೆ.

"ಅಯ್ಯೋ, ನಿಮ್ಗೆ ಒಗ್ಗಲ್ಲ ಬುಡಿ" ಅಂದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಅಂದಿದ್ದು.

ತಿಂದೆ. ಎದ್ದು ತಟ್ಟೆ ತೊಳೆಯಲು ಹೋದರೆ, ಅದನ್ನೂ ಕೈಯಿಂದ ಇಸಿದುಕೊಂಡರು.