ಸಹಿಗೆ ಮಾತ್ರ ಕೈ ಹಿಡಿಯದ ಎರ್ಮಿನಿಯಾ

ಶಿಕಾಗೊದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪುಲಾಸ್ಕಿ ರಸ್ತೆಯಲ್ಲಿ ಬಸ್ಸಿಳಿದ ಎರ್ಮಿನಿಯಾ ಕಸಾರೆಸ್ ಮೊದಲು ಮಾಡುವ ಕೆಲಸ ಹಿತ್ತಿಲ ಮರದ ಮೆಟ್ಟಿಲಿನ ಮೇಲೆ ಬಿದ್ದ ಹಿಮವನ್ನು ಗುಡಿಸುವುದು. ಗುಡಿಸಿ ಎಂದು ಯಾರೂ ಅವರಿಗೆ ಹೇಳಿಲ್ಲ. ಬೀದಿಯಲ್ಲಿ ಕಾರು ನಿಲ್ಲಿಸಲು ಹಿಮ ಕೆರೆದು ಮಾಡಿಕೊಂಡ ಜಾಗಗಳನ್ನು ಜನ ಮುರಿದ ಕುರ್ಚಿ, ಹಳೆಯ ಇಸ್ತ್ರಿ ಮೇಜು ಇಟ್ಟು ತಮ್ಮದಾಗಿಸಿಕೊಂಡಿದ್ದಾರೆ. ಇನ್ನೊಬ್ಬರ ಕುರ್ಚಿ ಸರಿಸುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಬೂಟು ಕೊಡವಿ, ಮೂರನೇ ಮಹಡಿಯ ಬಾಗಿಲು ತೆರೆದು ಎರ್ಮಿನಿಯಾ ಕೂಗುತ್ತಾರೆ: “ಡೋನ್ ಬ್ರೊನೆಕ್, ಇದ್ದೀರಾ, ಹೋದ್ರಾ?”

“ಕಾಫಿ ಕೊಟ್ಟರೆ ಇರ್ತೀನಿ, ಪಾನಿ ಎರ್ಮಿನಿಯಾ!”

ಇವರ ಮೆಕ್ಸಿಕೊದಲ್ಲಿ ಹಿರಿಯರನ್ನು ಹೆಸರು ಹಿಡಿದು ಬರಿದೇ ಕರೆಯುವಂತಿಲ್ಲ, ‘ಡೋನ್’ ಸೇರಿಸಬೇಕು. ಅವರ ಪೋಲೆಂಡಿನಲ್ಲಿ ಹೆಂಗಸರಿಗೆ ‘ಪಾನಿ’ ಹಚ್ಚದೆ ಮಾತಾಡಿದರೆ ಒರಟುತನ. ಹೀಗೆ ಎರಡು ಊರಿನ ಮರ್ಯಾದೆಯನ್ನು ಇಟ್ಟುಕೊಂಡೇ ಇಬ್ಬರೂ ದಿನವಿಡೀ ಜಗಳವಾಡುತ್ತಾರೆ.

ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವುದು ಎರ್ಮಿನಿಯಾ ಅವರ ಕಸುಬು. ಅವರು ಬ್ರೊನೆಕ್ ಎಂದು ಕರೆಯುವ ಬ್ರೊನಿಸ್ಲಾವ್ ವ್ರೋನಾ ಕೇಕು ಮಾಡುತ್ತಿದ್ದವರು. ಎರಡು ಬೀದಿಯಾಚೆ ಅವರ ಬೇಕರಿಯಿತ್ತು, ಈಗ ಅಲ್ಲಿ ಮೊಬೈಲು ಮಾರುತ್ತಾರೆ. ಈ ಭಾಗದ ಮಕ್ಕಳ ಹುಟ್ಟುಹಬ್ಬಕ್ಕೆ, ಮೊಮ್ಮಕ್ಕಳ ಮದುವೆಗೆ ಕೇಕಿನ ಮೇಲೆ ಹೆಸರು ಬರೆದದ್ದು ಅವರ ಬಲಗೈ. ಕಳೆದ ಶರತ್ಕಾಲದಲ್ಲಿ ಲಕ್ವ ಹೊಡೆದು ಆ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ.

ಇವತ್ತು ಭಾನುವಾರ. ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ, ನಿನ್ನೆಯ ಅಂಚೆಯಲ್ಲಿ ಬಂದ ದಪ್ಪ ಲಕೋಟೆ ಇದೆ. ಅದರೊಳಗೆ ನಗರ ಚುನಾವಣೆಯ ಮತಪತ್ರವಿದೆ. ವ್ರೋನಾ ಅದಕ್ಕೆ ಗುರುತು ಹಾಕಿ, ಲಕೋಟೆಯ ಮೇಲೆ ಎಡಗೈಯಲ್ಲಿ ಸಹಿ ಹಾಕಬೇಕು. ಅಂಚೆಯಲ್ಲಿ ಮತ ಹಾಕಲು ಕೊಟ್ಟ ಅರ್ಜಿಯ ಸಹಿಗೂ ಇದಕ್ಕೂ ತಾಳೆಯಾಗದಿದ್ದರೆ ಮತ ಲೆಕ್ಕಕ್ಕಿಲ್ಲ. ಬೆಳಗಿನಿಂದ ಇಬ್ಬರೂ ಆ ಕಡೆ ನೋಡದವರ ಹಾಗೆ ಓಡಾಡುತ್ತಿದ್ದಾರೆ.

ನೋಡದಿರಲು ಬೇಕಾದಷ್ಟು ಕೆಲಸವೂ ಇದೆ. ವ್ರೋನಾರನ್ನು ಎಬ್ಬಿಸಿ ಕೂರಿಸಬೇಕು, ಬಿಸಿನೀರಿನಲ್ಲಿ ಮೈ ಒರೆಸಬೇಕು, ಗಡ್ಡ ಕೆರೆಯಬೇಕು, ಸತ್ತ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸಬೇಕು. ಮಧ್ಯಾಹ್ನ ಬೀಟ್‌ರೂಟಿನ ಸಾರು ಕುಡಿಸಿ, ಮತ್ತೊಂದು ಬಸ್ಸು ಹತ್ತಿ ಇನ್ನೊಂದು ಮನೆ, ಅಲ್ಲೊಬ್ಬ ಅಜ್ಜಿ. ಮೆಕ್ಸಿಕೊದ ಸಕಾತೇಕಸ್ ಕಡೆಯ ಹಳ್ಳಿಯಿಂದ ಬಂದ ಹೊಸದರಲ್ಲಿ ಎರ್ಮಿನಿಯಾ ಮಿಠಾಯಿ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದರು. ಕಾರ್ಖಾನೆ ಮುಚ್ಚಿತು, ಅದೇ ವರ್ಷ ಅತ್ತೆ ಹಾಸಿಗೆ ಹಿಡಿದರು. “ಅತ್ತೆಯನ್ನ ನೋಡ್ಕೊಳ್ತಾ ಈ ಕೆಲಸ ಕಲಿತೆ. ಅವರು ಒಂದಿನ ಹೊಗಳಲಿಲ್ಲ. ಆಮೇಲೆ ಯಾರು ಬೈದರೂ ನಂಗೆ ನಾಟೋದೇ ಇಲ್ಲ,” ಎಂದು ನಗುತ್ತಾರೆ. ನಾಲ್ಕು ವರ್ಷದ ಹಿಂದೆ ಇಂಥದ್ದೇ ಹಿಮದಲ್ಲಿ ಜಾರಿಬಿದ್ದು ಸೊಂಟ ಹಿಡಿದುಕೊಂಡಿದೆ. ವ್ರೋನಾರನ್ನು ಎತ್ತುವಾಗ ತುಟಿ ಕಚ್ಚುತ್ತಾರೆ, ಅಷ್ಟೇ.

ವ್ರೋನಾಗೆ ಮತದ ಹುಚ್ಚು ಇವತ್ತಿನದಲ್ಲ. ಬೇಕರಿ ಇದ್ದಾಗ ಚುನಾವಣೆಯ ದಿನ ಒಲೆಯ ಕೆಲಸ ಮುಗಿಸಿ, ತೋಳಿನ ಹಿಟ್ಟೂ ಕೊಡವದೆ ಮತಗಟ್ಟೆಯಿದ್ದ ಮೂಲೆಯ ಶಾಲೆಗೆ ಹೋಗಿ ಬಾಗಿಲು ತೆರೆಯುವ ಮೊದಲೇ ನಿಲ್ಲುತ್ತಿದ್ದರು. ಮತಗಟ್ಟೆಯವರಿಗೆಂದು ಕೈಯಲ್ಲಿ ಒಂದು ಪೆಟ್ಟಿಗೆ ಪೊಂಚ್ಕಿ, ಒಳಗೆ ಜಾಮು ತುಂಬಿ ಕರಿದ ಬನ್ನು. ಮೊದಲ ಮತ ಅವರದೇ ಆಗಬೇಕಿತ್ತು. ಈಗ ಮೂರು ಮಹಡಿ ಇಳಿಯುವಂತಿಲ್ಲ, ಮನೆಗೆ ಲಿಫ್ಟಿಲ್ಲ. ಅಂಚೆಯಲ್ಲೇ ಮತ ಹಾಕಬೇಕೆಂದರೆ ಅರ್ಜಿ ಹಾಕಬೇಕು, ಅರ್ಜಿಗೆ ಸಹಿ ಬೇಕು.

ಜನವರಿಯಲ್ಲಿ ಹಾಕಿದ ಮೊದಲ ಅರ್ಜಿ ವಾಪಸು ಬಂತು. ಎಡಗೈ ಎಳೆದ ಗೀಚು ಹಳೆಯ ಸಹಿಗೆ ಹೊಂದುತ್ತಿಲ್ಲ ಎಂದು ಜೊತೆಯ ಕಾಗದ ವಿನಯವಾಗಿಯೇ ಹೇಳಿತ್ತು. ವ್ರೋನಾ ಚಮಚ ಎಸೆದರು. ಎರಡು ಹೊತ್ತು ಊಟ ಬಿಟ್ಟರು. ಸಾಕ್ಷಿಗಳೆದುರು ಒಂದು ಅಡ್ಡಗೀಟು ಹಾಕಿದರೂ ನಡೆಯುತ್ತದೆ ಎಂದು ಎರ್ಮಿನಿಯಾ ಸಮಾಧಾನ ಹೇಳಲು ಹೋದರೆ ಇನ್ನಷ್ಟು ಕೆರಳಿದರು. “ಊರಿನವರ ಹೆಸರೆಲ್ಲ ಬರೆದೋನು ನಾನು. ನನ್ನ ಹೆಸರಿಗೆ ಗೀಟು ಹಾಕ್ಬೇಕಾ?”

ಊರಾಚೆಯ ಬಡಾವಣೆಯಲ್ಲಿರುವ ಮಗಳು ದನೂತಾ ಫೋನಿನಲ್ಲಿ ಸುಲಭದ ದಾರಿ ಹೇಳಿದರು. “ಎರ್ಮಿನಿಯಾ, ಅಪ್ಪನ ಕೈ ಹಿಡ್ಕೊಂಡು ನೀವೇ ಬರೆಸಿಬಿಡಿ. ಯಾರು ನೋಡ್ತಾರೆ?”

ಚಮಚ ಹಿಡಿಸುವ ಕೈ, ಗುಂಡಿ ಹಾಕಿಸುವ ಕೈ, ಇದೊಂದಕ್ಕೆ ಒಲ್ಲೆ ಎಂದಿತು. “ಹೆದರಿಕೇನೂ ಇತ್ತು, ಸುಳ್ಳು ಯಾಕೆ ಹೇಳ್ಲಿ,” ಎನ್ನುತ್ತಾರೆ ಎರ್ಮಿನಿಯಾ. “ನನ್ನ ಪೌರತ್ವದ ಅರ್ಜಿ ಇನ್ನೂ ಸರ್ಕಾರದವರ ಮೇಜಿನ ಮೇಲಿದೆ. ಮತ ಹಾಕೋ ಹಕ್ಕೇ ಇಲ್ಲದೋಳು ಇನ್ನೊಬ್ಬರ ಮತದ ಕಾಗದಕ್ಕೆ ಕೈ ಹಾಕಿದ್ಲು ಅಂತಾದ್ರೆ ನನ್ನ ಕತೆ ಮುಗೀತು. ಆದ್ರೆ ಅದೊಂದೇ ಅಲ್ಲ. ಚಮಚ ನಾನು ಹಿಡಿದ್ರೆ ಅವರ ಹೊಟ್ಟೆ ತುಂಬುತ್ತೆ. ಪೆನ್ನು ನಾನು ಹಿಡಿದ್ರೆ ಅವರದು ಅಂತ ಏನು ಉಳೀತು ಹೇಳಿ?”

ಅವರು ಚುನಾವಣಾ ಕಚೇರಿಗೆ ಫೋನು ಮಾಡಿದರು. ಕಾಯಿಲೆಯಿಂದ ಕೈ ಬದಲಾಗಿದ್ದರೆ ಹೊಸ ಅರ್ಜಿಯ ಜೊತೆ ಹೊಸ ಸಹಿಯನ್ನೇ ಕೊಡಬಹುದು ಎಂದು ಆ ಕಡೆಯ ಹೆಂಗಸು ಬಿಡಿಸಿ ಹೇಳಿದರು. ಹಳೆಯದರಂತೆ ಇರಬೇಕಿಲ್ಲ. ಆದರೆ ಅರ್ಜಿಯ ಮೇಲಿನದೂ ಮುಂದೆ ಲಕೋಟೆಯ ಮೇಲೆ ಹಾಕುವುದೂ ಒಂದೇ ಥರ ಇರಬೇಕು. ದಿನಕ್ಕೊಂದು ಆಕಾರದಲ್ಲಿ ಹರಿದಾಡುತ್ತಿದ್ದ ಎಡಗೈಗೆ ಅದೇ ದೊಡ್ಡ ಪರೀಕ್ಷೆ.

ಪೆನ್ನು ಕೊಟ್ಟರೆ ವ್ರೋನಾ ಮುಖ ತಿರುಗಿಸುತ್ತಿದ್ದರು. ಒಂದು ದಿನ ಎರ್ಮಿನಿಯಾಗೆ ಕಪಾಟಿನಲ್ಲಿ ಕ್ರೀಮು ಹಿಂಡುವ ಹಳೆಯ ಬಟ್ಟೆಯ ಕೋನ್ ಸಿಕ್ಕಿತು. ಸಕ್ಕರೆ ಪುಡಿ ಕಲಸಿ ತುಂಬಿ, ಬೇಕರಿಯ ತಟ್ಟೆಯೊಂದನ್ನು ಬೋರಲು ಹಾಕಿ ಮುಂದಿಟ್ಟರು. ವ್ರೋನಾ ಎಡಗೈಯಲ್ಲಿ ಒಮ್ಮೆ ಹಿಂಡಿ ನೋಡಿ ಗುಡುಗಿದರು: “ಇದು ಐಸಿಂಗಾ, ಗೋಡೆಗೆ ಮೆತ್ತೋ ಗಾರೆಯಾ? ನೀರು ಹಾಕಿ!”

ಬೈಗುಳ ಕೇಳಿ ಎರ್ಮಿನಿಯಾಗೆ ಅಳು ಬಂದಿತ್ತಂತೆ, ಖುಷಿಗೆ. ಅರ್ಜಿ ವಾಪಸು ಬಂದ ಸಿಟ್ಟು ಇಳಿದ ಮೇಲೆ ಆ ಮನುಷ್ಯ ಯಾವುದರ ಬಗ್ಗೆಯೂ ತಕರಾರು ತೆಗೆಯುವುದನ್ನೇ ಬಿಟ್ಟಿದ್ದರು. ಅಂದಿನಿಂದ ದಿನವೂ ತಟ್ಟೆಯ ಮೇಲೆ ಹಳೆಯ ಗಿರಾಕಿಗಳ ಹೆಸರುಗಳು ಬಂದವು, ಸತ್ತ ಹೆಂಡತಿಯ ಹೆಸರು ಬಂತು, ಕೊನೆಗೆ ಅವರದೇ ಹೆಸರು. ಮೊದಮೊದಲು ಅಕ್ಷರಗಳು ಎತ್ತೆತ್ತಲೋ ಹೋದವು. ಬರಬರುತ್ತ ಮೊದಲಕ್ಷರ ‘ಬಿ’ಗೆ ದುಂಡನೆಯ ಹೊಟ್ಟೆ ಬಂತು, ಕೊನೆಯದಕ್ಕೆ ಕೇಕಿನ ಅಂಚಿನ ರಿಬ್ಬನ್ನಿನಂಥ ಬಾಲ ಬಂತು. ಒರೆಸಿ ಚೆಲ್ಲಲು ಎರ್ಮಿನಿಯಾಗೆ ಮನಸ್ಸಾಗಲಿಲ್ಲ. “ಅವರ ಹೆಸರು ತಿಂದೂ ತಿಂದೂ ನನ್ನ ಸ್ಕರ್ಟಿನ ಗುಂಡಿ ಹಾಕೋಕಾಗ್ತಿಲ್ಲ ನೋಡಿ!”

ಐಸಿಂಗಿನಿಂದ ಪೆನ್ನಿಗೆ ಬಂದ ಆ ಸಹಿಯೊಂದಿಗೆ ಎರಡನೇ ಅರ್ಜಿ ಹೋಯಿತು, ಮಂಜೂರಾಯಿತು. ಹಾಗಾಗಿಯೇ ಈ ಲಕೋಟೆ ಇಲ್ಲಿದೆ.

ಚರ್ಚು ಮುಗಿಸಿಕೊಂಡು ದನೂತಾ ಬರುತ್ತಾರೆ. ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ವ್ರೋನಾ ಮತಪತ್ರ ಬಿಡಿಸುತ್ತಿದ್ದಂತೆ ಎರ್ಮಿನಿಯಾ ಬೆನ್ನು ತಿರುಗಿಸಿ ನಿಂತು ನಲ್ಲಿಯನ್ನು ಪೂರಾ ಬಿಟ್ಟು ಪಾತ್ರೆ ತೊಳೆಯತೊಡಗುತ್ತಾರೆ. ವ್ರೋನಾಗೆ ಗುಟ್ಟಿನ ಅಭ್ಯಾಸವಿಲ್ಲ, ಯಾರಿಗೆ ಹಾಕುತ್ತಿದ್ದೇನೆಂದು ಕೂಗಿ ಹೇಳುತ್ತಾರೆ. “ಕೇಳಿಸ್ತಿಲ್ಲ, ಡೋನ್ ಬ್ರೊನೆಕ್! ನೀರಿನ ಸದ್ದು!” ಎಂದು ಇವರೂ ಕೂಗುತ್ತಾರೆ.

ಲಕೋಟೆ ಅಂಟಿಸಿ ಆಯಿತು. ಪೆನ್ನು ಹಿಡಿದ ಎಡಗೈ ಕಾಗದಕ್ಕೆ ಇಳಿಯುತ್ತಿಲ್ಲ. ಮಗಳು ಎದುರಿಗೆ ಕೂತದ್ದಕ್ಕೋ ಏನೋ, ವ್ರೋನಾರ ಹಣೆಯಲ್ಲಿ ಬೆವರು. ದನಿ ತಗ್ಗಿಸಿ, “ಪಾನಿ ಎರ್ಮಿನಿಯಾ, ಮೊಣಕೈ ಒಂಚೂರು ಹಿಡೀರಿ,” ಎನ್ನುತ್ತಾರೆ.

ಎರ್ಮಿನಿಯಾ ಪಕ್ಕದ ಕುರ್ಚಿಯಲ್ಲಿ ತಮ್ಮ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟು, ಅವುಗಳ ಮೇಲೇ ಭಾರ ಹಾಕಿ ಕೂರುತ್ತಾರೆ. “ಹಿಡಿಯಲ್ಲ. ತಟ್ಟೆ ಅಂದ್ಕೊಳ್ಳಿ. ಯಾರದೋ ಹುಟ್ಟುಹಬ್ಬ, ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ ಅಂದ್ಕೊಳ್ಳಿ.”

ಪೆನ್ನು ಕಾಗದಕ್ಕೆ ತಾಗುತ್ತದೆ. ‘ಬಿ’ಯ ಹೊಟ್ಟೆ ಬರುತ್ತದೆ. ನಡುವೆ ಒಂದು ಕಡೆ ಕೈ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕೊನೆಗೆ ಬಾಲ. ದನೂತಾ ಮೊಬೈಲಿನಲ್ಲಿದ್ದ ಅರ್ಜಿಯ ಚಿತ್ರವನ್ನು ಪಕ್ಕಕ್ಕೆ ಹಿಡಿದು ನೋಡುತ್ತಾರೆ, ಒಮ್ಮೆ ಅದನ್ನು, ಒಮ್ಮೆ ಇದನ್ನು. ಅಪ್ಪನ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ.

“ಬಿಡೇ, ಉಸಿರು ಕಟ್ತಿದೆ,” ಎಂದು ವ್ರೋನಾ ಕೊಸರಿಕೊಳ್ಳುತ್ತಾರೆ. “ಶಾಲೆ ಬಾಗಿಲು ತೆಗೆಯೋ ಹೊತ್ತಿಗೆ ನನ್ನ ಮತ ಚುನಾವಣಾ ಕಚೇರಿ ಸೇರಿರುತ್ತೆ. ಈ ಸಲವೂ ನಾನೇ ಮೊದಲು.”

ಲಕೋಟೆಯನ್ನು ದನೂತಾ ಕೋಟಿನೊಳಗೆ ಇಟ್ಟುಕೊಂಡು ಅಂಚೆ ಡಬ್ಬಿಯ ಕಡೆ ಇಳಿದುಹೋಗುತ್ತಾರೆ. ಎರ್ಮಿನಿಯಾ ಸಾರು ಬಿಸಿ ಮಾಡಿ ಕುಡಿಸಿ, ಗಲ್ಲ ಒರೆಸಿ, ಕಂಬಳಿ ಹೊದಿಸಿ, ಇನ್ನೊಂದು ಮನೆಯ ಬಸ್ಸಿಗೆ ಹೊರಡುತ್ತಾರೆ. ನಿಲ್ದಾಣದಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿದೆ. ಮುಂದಿನ ಚುನಾವಣೆಯಲ್ಲಿ ನಿಮ್ಮದೂ ಒಂದು ಮತ ಇರಬಹುದಲ್ಲ ಎಂದು ಕೇಳಿದರೆ, “ದೇವರು ಕೊಟ್ಟರೆ,” ಎನ್ನುತ್ತಾರೆ. ಬಸ್ಸು ತಿರುವಿನಲ್ಲಿ ಕಂಡಾಗ ಕೈಚೀಲದಿಂದ ಕೈಗವಸು ತೆಗೆಯುತ್ತಾ ತಾವಾಗಿಯೇ ಮಾತು ಮುಂದುವರಿಸುತ್ತಾರೆ.

“ಬೆಳಗ್ಗೆಯಿಂದ ಆ ಮನೇಲಿ ನನ್ನ ಕೈ ತಾಗದ ವಸ್ತು ಒಂದಿಲ್ಲ. ಅವರ ಹಲ್ಲು, ಅವರ ಕಾಲುಚೀಲ, ಅವರ ಅನ್ನ, ಎಲ್ಲ. ಆ ಸಹಿಗೆ ಮಾತ್ರ ನಾನು ತಾಗಿಲ್ಲ.”